ಸ್ವಾತಂತ್ರ್ಯವೂ ಕರ್ತೃತ್ವವೂ

ಸ್ವಾತಂತ್ರ್ಯವೆಂಬ ಮಾತನ್ನು ಆಡದ ಬಾಯಿ ಇಂದು ಇಲ್ಲ. ಆದರೆ ನಾಣ್ಯವು ಕೈಯಿಂದ ಕೈಗೆ ಹೋದಷ್ಟೂ ಅದರ ಮೇಲಣ ಮುದ್ರೆ ಸವೆಯುವಂತೆ, ಮಾತು ಬಳಕೆಯಾದಷ್ಟೂ ಅದರ ಅರ್ಥವು ಮಸುಕಾಗುವುದುಂಟು. ಆದುದರಿಂದ ಅದನ್ನು ಒಮ್ಮೆ ಬಿಡಿಸಿ ನೋಡುವುದು ವ್ಯರ್ಥವಲ್ಲ. ತಂತ್ರವೆಂಬ ಶಬ್ದವು ಹರಡು, ಹಾಸು ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಮಗ್ಗಕ್ಕೂ ಮಗ್ಗದ ಮೇಲೆ ಹಾಸಿದ ನೂಲಿಗೂ ಸಂಸ್ಕೃತದಲ್ಲಿ ಅದೇ ಹೆಸರು. ತಂತು, ತಂತಿ, ಸಂತಾನ ಮೊದಲಾದವು ಅದೇ ಧಾತುವಿನ ಮಕ್ಕಳು. ಹೀಗಿರಲು ಸ್ವತಂತ್ರನೆಂದರೆ ತನ್ನ ಹಾಸನ್ನು ತಾನೇ ಹೂಡಿಕೊಂಡವನು, ಪರತಂತ್ರನೆಂದರೆ ಪರರು ಹೂಡಿದ ಹಾಸಿನಲ್ಲಿ ಲಾಳಿಯಂತೆ ಅತ್ತಿತ್ತ ಓಡಾಡುವವನು ಎಂದು ಅರ್ಥ ಹೇಳಿದರೆ ತಪ್ಪಾಗಲಾರದು.

ವೈಯಾಕರಣರು ಈ ಶಬ್ದಕ್ಕೆ ಇನ್ನೂ ಒಂದು ಕೆಲಸವನ್ನು ಕೊಟ್ಟಿರುವರು. ಒಂದು ಕ್ರಿಯೆಯಲ್ಲಿ ಕರ್ತೃ ಯಾರೆಂದು ನಿರ್ಣಯಿಸಬೇಕಾದಾಗ ಪಾಣಿನಿಯು ಹಿಡಿದ ಲಕ್ಷಣವು ಸ್ವಾತಂತ್ರ್ಯವೇ ಆಗಿದೆ. ಕೊಡಲಿಯಿಂದ ಮರವನ್ನು ಕಡಿಯುವಲ್ಲಿ ಕೊಡಲಿಯು ಕರಣ, ಮರವು ಕರ್ಮ. ಕಡಿಯುವುದೋ ಬಿಡುವುದೋ ಎಂಬುದು ಯಾವನ ಇಚ್ಛೆಗೆ ಸೇರಿದುದೋ ಅವನು ಕರ್ತೃ. ತಾನೇ ಮಾಡದೆ ಮತ್ತೊಬ್ಬನಿಂದ ಮಾಡಿಸುವವನೂ ಕರ್ತೃವೆನಿಸಿಕೊಳ್ಳುವನು. ಅವನಿಗೆ ಹೇತುವೆಂಬ ಹೆಸರೂ ಉಂಟು. ಇದು ಬರಿಯ ವ್ಯಾಕರಣದ ಮಾತಲ್ಲ, ಧರ್ಮದ ಮಾತೂ ಹೌದು. ಸ್ವಾತಂತ್ರ್ಯ ಬಂದಿತೆಂದರೆ ಮೇಲೆ ಯಜಮಾನನಿಲ್ಲವೆಂದು ಮಾತ್ರವೇ ಅರ್ಥವಲ್ಲ; ನಡೆಯುವ ಕ್ರಿಯೆಯು ಇನ್ನು ತನ್ನದು, ಅದರ ಫಲವೂ ತನ್ನದು ಎಂದು ಅರ್ಥ. ಪರತಂತ್ರನಿಗೆ ಒಂದು ನೆವವಿರುತ್ತದೆ: 'ಅರಸನು ಮಾಡಿಸಿದನು' ಎನ್ನಬಹುದು. ಸ್ವತಂತ್ರನಾದವನು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುವುದು ಆ ನೆವವನ್ನೇ.

ಹಾಗಾದರೆ, ತನಗೆ ಸ್ವಾತಂತ್ರ್ಯವನ್ನು ಸಂಪಾದಿಸಿಕೊಂಡ ಜನವು ತನ್ನ ಕೆಳಗೆ ಇನ್ನೊಂದು ಜನವನ್ನು ಕೊಡಲಿಯಂತೆ ಕರಣವಾಗಿಯೇ ಇಟ್ಟುಕೊಂಡರೆ ಅದನ್ನು ಸ್ವತಂತ್ರವೆಂದು ಕರೆಯಬಹುದೆ? ಆ ಅಧರ್ಮದ ಕರ್ತೃ ಯಾರು? ಈ ಪ್ರಶ್ನೆಯನ್ನು ಎತ್ತಲು ಅಮೆರಿಕದ ಪೂರ್ವಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಅದಕ್ಕೆ ಉತ್ತರ ಹೇಳಬೇಕಾದ ಸ್ಥಳವೋ ಅಷ್ಟು ದೂರದ್ದಲ್ಲ. ಹಡಗಲಿಯ ಎರೆಹೊಲಕ್ಕೂ ಮಿಸಿಸಿಪಿ ನದಿಯ ದಡಕ್ಕೂ ನಡುವೆ ಹತ್ತಿಯ ಎಳೆಯೊಂದು ಹಾದುಹೋಗಿದೆ.

ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿಗೆ ತಿರುಗಿಬಿದ್ದ ಕಥೆಯನ್ನು ವಾಚಕರು ಬಲ್ಲರು. ೧೭೬೩ರಲ್ಲಿ ಫ್ರೆಂಚರೊಡನೆ ನಡೆದ ಏಳು ವರ್ಷಗಳ ಯುದ್ಧವು ಮುಗಿದಾಗ ಇಂಗ್ಲೆಂಡಿನ ಬೊಕ್ಕಸವು ಸಾಲದಿಂದ ಬಾಗಿತ್ತು. ಆ ಭಾರದಲ್ಲಿ ಒಂದು ಪಾಲನ್ನು ವಸಾಹತುಗಳ ಮೇಲೆ ಹೊರಿಸಲು ೧೭೬೫ರಲ್ಲಿ ಸ್ಟಾಂಪು ಶಾಸನವು ಹುಟ್ಟಿತು. ಪಾರ್ಲಿಮೆಂಟಿನಲ್ಲಿ ತಮ್ಮ ಪ್ರತಿನಿಧಿಯೊಬ್ಬನೂ ಇಲ್ಲದಿರುವಾಗ ತಮ್ಮ ಮೇಲೆ ಕರ ವಿಧಿಸಲು ಅದಕ್ಕೆ ಅಧಿಕಾರವೆಲ್ಲಿಯದು ಎಂದು ವಸಾಹತಿನವರು ಕೇಳಿದರು. ಆ ಶಾಸನವು ಮರುವರ್ಷವೇ ರದ್ದಾಯಿತಾದರೂ ಬೇರೆ ಕರಗಳು ಬಂದವು. ೧೭೭೦ನೆಯ ಮಾರ್ಚಿಯಲ್ಲಿ ಬಾಸ್ಟನ್ ನಗರದ ಬೀದಿಯಲ್ಲಿ ಸಿಪಾಯಿಗಳ ಗುಂಡಿಗೆ ಐವರು ಬಲಿಯಾದರು. ಅವರಲ್ಲಿ ಕ್ರಿಸ್ಪಸ್ ಆಟಕ್ಸ್ ಎಂಬವನು ಆಫ್ರಿಕದ ಸಂತತಿಯವನು. ಬಿಳಿಯರ ಸ್ವಾತಂತ್ರ್ಯಕ್ಕಾಗಿ ಮೊದಲು ಚೆಲ್ಲಿದ ನೆತ್ತರಲ್ಲಿ ಕರಿಯನ ಪಾಲೂ ಇದ್ದಿತೆಂಬುದನ್ನು ಮುಂದಿನ ಲೆಕ್ಕಕ್ಕಾಗಿ ನೆನಪಿಡಬೇಕು. ೧೭೭೩ರ ಡಿಸೆಂಬರ್ ೧೬ರ ರಾತ್ರಿ ಅದೇ ನಗರದ ಬಂದರಿನಲ್ಲಿ ೩೪೨ ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಆ ಚಹಾ ಯಾರದು? ಬಂಗಾಳದ ದಿವಾನಿಯನ್ನು ಕೈಯಲ್ಲಿ ಹಿಡಿದು, ದಕ್ಷಿಣದಲ್ಲಿ ಹೈದರಾಲಿಯೊಡನೆ ಕಾದಾಡಿ, ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪೆನಿಯದು. ಅದನ್ನು ಉಳಿಸಲೆಂದೇ ಇಂಗ್ಲೆಂಡು ಆ ವರ್ಷದ ಚಹಾ ಶಾಸನವನ್ನು ಮಾಡಿತ್ತು.

ಹೀಗೆ ಎರಡು ದೇಶಗಳ ಭಾಗ್ಯವು ಆಗಲೇ ಒಂದೇ ಗಂಟಿನಲ್ಲಿ ಬಿದ್ದಿತ್ತು. ಇಂಗ್ಲಿಷರಿಗೆ ಎದುರು ನಿಂತ ಹೈದರಾಲಿಯ ಹೆಸರು ಅಮೆರಿಕದವರಿಗೂ ಪ್ರಿಯವಾಗಿತ್ತು. ೧೭೮೨ರಲ್ಲಿ ಪೆನ್ಸಿಲ್ವೇನಿಯದವರು ತಮ್ಮದೊಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟು ಅದರಿಂದ ಇಂಗ್ಲಿಷರ ಹಡಗೊಂದನ್ನು ಹಿಡಿದರು. ೧೭೮೧ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಶರಣಾದ ಸೈನ್ಯದ ನಾಯಕನು ಕಾರ್ನ್‌ವಾಲಿಸನು. ಅದೇ ಕಾರ್ನ್‌ವಾಲಿಸನು ೧೭೮೬ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು, ೧೭೯೨ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು ಟಿಪ್ಪುವಿನ ರಾಜ್ಯದ ಅರ್ಧವನ್ನು ಬರೆಸಿಕೊಂಡನು. ಆ ಸಂಧಿಯಲ್ಲಿಯೂ ೧೭೯೯ರ ಯುದ್ಧದ ಬಳಿಕವೂ ನಿಜಾಮನ ಪಾಲಿಗೆ ಬಂದ ಸೀಮೆಗಳನ್ನು ಅವನು ೧೮೦೦ರಲ್ಲಿ ಸೈನ್ಯದ ಖರ್ಚಿಗೆಂದು ಕಂಪೆನಿಗೆ ದತ್ತ ಮಾಡಿದನು. ಬಳ್ಳಾರಿ, ಕಡಪೆ ಮೊದಲಾದ ಆ ಪ್ರಾಂತಗಳಿಗೆ ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರ ಕಾಲವು ಮುಗಿದು ಈ ಪಡುವಣ ತಾಲೂಕುಗಳು ಕುಂಪಣಿಯ ಕಚೇರಿಯ ಕೆಳಗೆ ಬಂದುವು. ಒಂದು ದಡದಲ್ಲಿ ಸೋತ ಅಧಿಕಾರವು ಇನ್ನೊಂದು ದಡದಲ್ಲಿ ಗೆದ್ದಿತು.

ಈಗ ಗೆದ್ದವರ ಕಡೆಗೆ ನೋಡೋಣ. ೧೭೭೬ನೆಯ ಜುಲೈ ೪ರಂದು ಹೊರಟ ಸ್ವಾತಂತ್ರ್ಯಘೋಷಣೆಯು ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನರೆಂಬ ತತ್ತ್ವವನ್ನು ಮುಂದಿಟ್ಟಿತು. ಅದರ ಕರಡನ್ನು ಬರೆದ ಜೆಫರ್ಸನ್ನನು ತನ್ನ ಜೀವಮಾನದಲ್ಲಿ ಆರುನೂರಕ್ಕೂ ಮೇಲ್ಪಟ್ಟು ದಾಸರ ಒಡೆಯನಾಗಿದ್ದವನು. ಆ ಕರಡಿನಲ್ಲಿ ಆಫ್ರಿಕದಿಂದ ಮನುಷ್ಯರನ್ನು ಹಿಡಿದು ತಂದು ಮಾರುವ ವ್ಯಾಪಾರವನ್ನು ಖಂಡಿಸುವ ಭಾಗವೊಂದಿತ್ತು. ಅದರ ದೋಷವನ್ನೆಲ್ಲ ಇಂಗ್ಲೆಂಡಿನ ದೊರೆಯ ತಲೆಗೇ ಕಟ್ಟಲಾಗಿತ್ತು. ಮಹಾಸಭೆಯು ಆ ಭಾಗವನ್ನು ಹೊಡೆದುಹಾಕಿತು. ಇಲ್ಲಿ ವಿಚಾರಿಸಬೇಕಾದುದು ಇಷ್ಟು: ದೊರೆಯು ಕರ್ತೃವಾಗಿದ್ದನೆಂಬ ಮಾತು ಅಲ್ಪಸ್ವಲ್ಪ ನಿಜವಾಗಿದ್ದರೂ, ಆ ದಿನದಿಂದ ಮುಂದಕ್ಕೆ ಅದು ನಿಲ್ಲುವಂತಿರಲಿಲ್ಲ. ದೊರೆಯನ್ನು ತೊರೆದವರು ದೊರೆಯ ಮೇಲೆ ಹೊರಿಸಿದ ಭಾರವನ್ನೂ ತಾವೇ ಹೊರಬೇಕು. ಅವರು ಅದನ್ನು ಇಳಿಸಲಿಲ್ಲ, ಹೊತ್ತುಕೊಂಡೆವೆಂದು ಒಪ್ಪಲೂ ಇಲ್ಲ. ೧೭೮೭ರ ರಾಜ್ಯಾಂಗದಲ್ಲಿ ದಾಸನೆಂಬ ಶಬ್ದವು ಎಲ್ಲಿಯೂ ಬರದಂತೆ ಎಚ್ಚರ ವಹಿಸಲಾಯಿತು; ಆದರೆ ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ದಾಸರನ್ನು ಮೂವರೆಂದು ಎಣಿಸಿ ಅವರ ಒಡೆಯರ ಬಲವನ್ನು ಹೆಚ್ಚಿಸಲಾಯಿತು. ಓಡಿಹೋದವನನ್ನು ಹಿಡಿದು ಒಪ್ಪಿಸಬೇಕೆಂದು ವಿಧಿಸಲಾಯಿತು. ಆ ವ್ಯಾಪಾರವನ್ನು ೧೮೦೮ರವರೆಗೆ ನಿಷೇಧಿಸಕೂಡದೆಂದೂ ಕಟ್ಟು ಮಾಡಲಾಯಿತು. ಪ್ರತಿನಿಧಿಯಿಲ್ಲದೆ ಕರವಿಲ್ಲವೆಂದು ಯುದ್ಧ ಮಾಡಿದವರು, ಬಾಯಿಲ್ಲದವರ ತಲೆಯೆಣಿಕೆಯಿಂದ ತಮ್ಮ ಪ್ರತಿನಿಧಿಗಳನ್ನು ಹೆಚ್ಚಿಸಿಕೊಂಡರು.

ಮುಂದೆ ಕೈಗಾರಿಕೆಯು ಬಂದಿತು. ೧೭೯೦ರಲ್ಲಿ ರೋಡ್ ಐಲೆಂಡ್ ಪ್ರಾಂತದ ಪಾಟಕೆಟ್ ಎಂಬಲ್ಲಿ ಸ್ಲೇಟರ್ ಎಂಬವನು ನೀರಿನ ಬಲದಿಂದ ನಡೆಯುವ ನೂಲಿನ ಯಂತ್ರಗಳನ್ನು ಹೂಡಿದನು. ೧೭೯೩ರಲ್ಲಿ ವ್ಹಿಟ್ನಿ ಎಂಬವನು ಹತ್ತಿಯಿಂದ ಬೀಜವನ್ನು ಬಿಡಿಸುವ ಯಂತ್ರವನ್ನು ಕಲ್ಪಿಸಿದನು. ಒಬ್ಬನು ದಿನವೆಲ್ಲ ಕುಳಿತು ಬಿಡಿಸುತ್ತಿದ್ದ ಹತ್ತಿಯ ಎಷ್ಟೋ ಪಟ್ಟನ್ನು ಆ ಯಂತ್ರವು ಬಿಡಿಸುವುದು. ಯಂತ್ರವು ಮನುಷ್ಯನ ಶ್ರಮವನ್ನು ಕಡಿಮೆ ಮಾಡುವುದೆಂದು ಸಾಮಾನ್ಯವಾಗಿ ಹೇಳುವರು. ಇಲ್ಲಿ ನಡೆದುದು ಅದರ ವಿಪರೀತ. ಬಿಡಿಸುವ ಕೆಲಸವು ಸುಲಭವಾದುದರಿಂದ ಬೆಳೆಯುವ ಆಸೆಯು ಹೆಚ್ಚಿತು. ಬೆಳೆಯಲು ಹೊಸ ನೆಲವೂ ಹೊಸ ಕೈಗಳೂ ಬೇಕಾದುವು. ನೆಲಕ್ಕಾಗಿ ೧೮೩೦ರ ಶಾಸನದಿಂದ ಆ ನಾಡಿನ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಅಟ್ಟಲಾಯಿತು. ೧೮೩೮ರಲ್ಲಿ ಹೊರಟ ಚೆರೊಕೀ ಜನರಲ್ಲಿ ಸಹಸ್ರಾರು ಮಂದಿ ದಾರಿಯಲ್ಲಿಯೇ ಮಡಿದರು. ಕೈಗಳಿಗಾಗಿ ದಾಸ್ಯವು ಬೆಳೆಯಿತು. ೧೭೯೦ರ ಜನಗಣತಿಯಲ್ಲಿ ಸುಮಾರು ಏಳು ಲಕ್ಷವಿದ್ದ ದಾಸರ ಸಂಖ್ಯೆ ೧೮೬೦ರಲ್ಲಿ ಮೂವತ್ತೊಂಬತ್ತು ಲಕ್ಷವನ್ನು ಮೀರಿತು. ಆ ಹೊತ್ತಿಗೆ ಅಮೆರಿಕದಿಂದ ಪರದೇಶಗಳಿಗೆ ಹೋಗುತ್ತಿದ್ದ ಸರಕಿನ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಹತ್ತಿಯದೇ. ಉತ್ತರದಲ್ಲಿ ದಾಸ್ಯವಿರಲಿಲ್ಲ, ಆದರೆ ಉತ್ತರದ ಲೋವೆಲ್ ನಗರದ ಗಿರಣಿಗಳು ನೂಲುತ್ತಿದ್ದುದು ದಕ್ಷಿಣದ ಹತ್ತಿಯನ್ನೇ. ಅಲ್ಲಿ ದುಡಿಯುತ್ತಿದ್ದ ರೈತರ ಹೆಣ್ಣುಮಕ್ಕಳು ಕೂಲಿ ಕಡಿತಕ್ಕೆ ಒಪ್ಪದೆ ೧೮೩೪ರಲ್ಲಿಯೂ ೧೮೩೬ರಲ್ಲಿಯೂ ಕೆಲಸ ಬಿಟ್ಟು ಹೊರಗೆ ಬಂದರು. ತಮ್ಮನ್ನು ದಾಸಿಯರಾಗಿಸಬೇಡಿರೆಂಬುದು ಅವರ ಕೂಗು.

ದತ್ತಮಂಡಲದಲ್ಲಿ ಆಗ ನಡೆಯುತ್ತಿದ್ದುದೇನು? ೧೮೦೦ರಿಂದ ೧೮೦೭ರವರೆಗೆ ಇಲ್ಲಿಯ ಮುಖ್ಯ ಕಲೆಕ್ಟರನಾಗಿದ್ದ ಮನ್ರೋ ಸಾಹೇಬನು ಊರೂರು ಸುತ್ತಿ, ಹೊಲಹೊಲವನ್ನೂ ಅಳತೆಮಾಡಿಸಿ, ರೈತನೊಡನೆ ಸರಕಾರವೇ ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿಯನ್ನು ಬೇರೂರಿಸಿದನು. ಅವನು ಪ್ರಜೆಗಳಲ್ಲಿ ಕನಿಕರವುಳ್ಳವನು. ಕಂದಾಯವು ಹೆಚ್ಚಾಗಿದೆಯೆಂದು ಕಂಡು ಅದರಲ್ಲಿ ನೂರಕ್ಕೆ ಇಪ್ಪತ್ತೈದರಂತೆ ಇಳಿಸಬೇಕೆಂದು ೧೮೦೭ರಲ್ಲಿ ಮೇಲಿನವರಿಗೆ ಬರೆದನು. ಆಗ ಅದು ನಡೆಯಲಿಲ್ಲ. ಬಾಸ್ಟನ್ನಿನ ವರ್ತಕನಿಗಾದರೋ ಚಹಾ ಬೇಡವೆಂದು ಸಮುದ್ರಕ್ಕೆ ಚೆಲ್ಲುವ ಉಪಾಯವಿತ್ತು. ಕೂಡ್ಲಿಗಿಯ ಮಸಾರಿ ಹೊಲದ ರೈತನು ಕಂದಾಯ ಬೇಡವೆಂದು ಏನನ್ನು ಚೆಲ್ಲಬೇಕು? ಮದರಾಸು ಪ್ರಾಂತದಲ್ಲಿ ಕಂದಾಯ ವಸೂಲಿಗಾಗಿ ಚಿತ್ರಹಿಂಸೆ ನಡೆಯುವುದು ನಿಜವೆಂದು ಸರಕಾರವೇ ನೇಮಿಸಿದ ಮಂಡಲಿಯು ೧೮೫೫ರಲ್ಲಿ ಒಪ್ಪಿಕೊಂಡಿತು. ಇತ್ತ ಮ್ಯಾಂಚೆಸ್ಟರಿನ ಅಗ್ಗದ ಬಟ್ಟೆಯು ಸಂತೆಗೆ ಬಂದು ಕೈಮಗ್ಗಗಳ ಬಾಯಿ ಕಟ್ಟಿತು. ಆ ಬಟ್ಟೆಯ ನೂಲು ಬಹುಪಾಲು ಅಮೆರಿಕದ ದಾಸರು ಬೆಳೆದ ಹತ್ತಿಯದು. ಇಲ್ಲಿಯ ನೇಕಾರನ ಅನ್ನವೂ ಅಲ್ಲಿಯ ದಾಸನ ಬೆವರೂ ಒಂದೇ ಸೀರೆಯ ಹಾಸುಹೊಕ್ಕಾಗಿದ್ದುವು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಅಮೆರಿಕದ ಹತ್ತಿಯೊಂದನ್ನೇ ನೆಚ್ಚಿ ಕೂರುವುದು ಅಪಾಯವೆಂದು ಕಂಪೆನಿಯು ೧೮೪೦ರ ವೇಳೆಗೆ ಅಮೆರಿಕದ ತೋಟಗಾರರನ್ನು ಭಾರತಕ್ಕೆ ಕರೆಯಿಸಿತು. ತುಂಗಭದ್ರೆಯ ಆಚೆದಡದ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜವು ಬೇರೂರಿ, 'ಧಾರವಾಡ ಅಮೆರಿಕನ್' ಎಂಬ ಹತ್ತಿಯ ಜಾತಿಯೇ ಪ್ರಸಿದ್ಧವಾಯಿತು. ೧೮೬೧ರಲ್ಲಿ ದಾಸ್ಯದ ಕಾರಣದಿಂದ ಅಮೆರಿಕವು ಇಬ್ಭಾಗವಾಗಿ ಯುದ್ಧಕ್ಕೆ ನಿಂತಾಗ ದಕ್ಷಿಣದ ಬಂದರುಗಳು ಮುಚ್ಚಿದುವು. ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆಗೆ ಕೈಚಾಚಿದುವು. ಹತ್ತಿಯ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಎರೆನೆಲವಿದ್ದವನು ಜೋಳದ ಹೊಲಕ್ಕೂ ಹತ್ತಿಯನ್ನು ಹಾಕಿದನು, ಬೆಲೆಯ ಭರವಸೆಯ ಮೇಲೆ ಸಾಲವನ್ನೂ ಎತ್ತಿದನು. ೧೮೬೫ರಲ್ಲಿ ಯುದ್ಧ ಮುಗಿಯಿತು. ಅಮೆರಿಕದಲ್ಲಿ ದಾಸರಿಗೆ ಬಿಡುಗಡೆಯಾಯಿತು. ಇಲ್ಲಿ ಬೆಲೆ ಕುಸಿಯಿತು. ಮುಂಬಯಿಯ ಸಾಹುಕಾರರು ದಿವಾಳಿಯೆದ್ದರು. ರೈತನಿಗೆ ದಿವಾಳಿಯೆಂದರೆ ಹೊಲವು ಕೈಬಿಡುವುದು.

ಹನ್ನೊಂದು ವರ್ಷಗಳ ಮೇಲೆ ಧಾತು ಈಶ್ವರ ಸಂವತ್ಸರಗಳ ಮಹಾಬರವು ಬಂದಿತು. ೧೮೭೬ರಿಂದ ೧೮೭೮ರವರೆಗಿನ ಆ ಬರಕ್ಕೆ ಮಳೆ ಹೋದುದೇ ಮೊದಲ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಳೆ ಹೋದ ವರ್ಷ ಯಾವನು ಬದುಕುವನು, ಯಾವನು ಸಾಯುವನು ಎಂಬುದನ್ನು ನಿರ್ಣಯಿಸುವುದು ಮೋಡವಲ್ಲ. ಹಗೇವಿನಲ್ಲಿ ಕಾಳಿದೆಯೆ, ಕೈಯಲ್ಲಿ ಹೊಲವಿದೆಯೆ, ಆಳುವವನಿಗೆ ಕನಿಕರವಿದೆಯೆ ಎಂಬುದು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಖರ್ಚು ಹೆಚ್ಚಾಗುವುದೆಂದು ಬರದ ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದನು. ಇಷ್ಟರಿಂದ ದುಡಿಯುವವನು ಉಳಿಯಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ೧೮೭೧ ಮತ್ತು ೧೮೮೧ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಲ್ಲವಾಯಿತು.

ಇಷ್ಟು ವೃತ್ತಾಂತವನ್ನು ಮುಂದಿಟ್ಟುಕೊಂಡು ಪ್ರಶ್ನೆಗೆ ಹಿಂದಿರುಗಬೇಕು. ಇದಕ್ಕೆ ಮೂರು ಪೂರ್ವಪಕ್ಷಗಳು ಬರುವುದುಂಟು.

ಮೊದಲನೆಯದು ಕಾಲದ ವಾದ. ಆ ಕಾಲದವರನ್ನು ಆ ಕಾಲದ ಅಳತೆಯಿಂದಲೇ ಅಳೆಯಬೇಕು. ದಾಸ್ಯವು ಆಗ ಸರ್ವಸಮ್ಮತವಾಗಿತ್ತು. ಇಂದಿನ ಧರ್ಮವನ್ನು ಅಂದಿಗೆ ಹಚ್ಚುವುದು ನ್ಯಾಯವಲ್ಲ ಎಂಬುದು. ಈ ವಾದವು ಗಂಭೀರವಾದುದೇ. ಆದರೆ ಸರ್ವಸಮ್ಮತವೆನ್ನುವಾಗ ಆ 'ಸರ್ವ'ದಲ್ಲಿ ದಾಸನು ಸೇರಿದ್ದನೆ ಎಂದು ಕೇಳಬೇಡವೆ? ಅದೂ ಇರಲಿ. ೧೬೮೮ರಲ್ಲಿಯೇ ಪೆನ್ಸಿಲ್ವೇನಿಯದ ಜರ್ಮನ್‌ಟೌನಿನ ಕೆಲವರು ಸಾಮಾನ್ಯ ಗೃಹಸ್ಥರು ದಾಸ್ಯವು ಅಧರ್ಮವೆಂದು ಬರೆದು ಸಹಿ ಹಾಕಿದ್ದರು. ೧೭೭೭ರಲ್ಲಿ ವರ್ಮಾಂಟಿನ ರಾಜ್ಯಾಂಗವು ಪ್ರೌಢರ ದಾಸ್ಯವನ್ನು ನಿಷೇಧಿಸಿತು. ೧೭೮೦ರಲ್ಲಿ ಪೆನ್ಸಿಲ್ವೇನಿಯವು ಅದನ್ನು ಕ್ರಮವಾಗಿ ತೆಗೆಯುವ ಶಾಸನ ಮಾಡಿತು. ೧೭೮೩ರ ಹೊತ್ತಿಗೆ ಮ್ಯಾಸಚೂಸೆಟ್ಸಿನ ನ್ಯಾಯಸ್ಥಾನವು ಅದು ತಮ್ಮ ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಹೀಗೆ ಅಂದಿನ ಅಳತೆಯೇ ಅಂದಿನವರ ಕೈಯಲ್ಲಿ ಇತ್ತು. ಅರಿಯದೆ ಮಾಡಿದವನಿಗೆ ಕಾಲವು ಸಾಕ್ಷಿ ನಿಲ್ಲಬಹುದು. ಅರಿತು ಮುಂದೂಡಿದವನಿಗೆ ಅದೇ ಕಾಲವು ಎದುರುಸಾಕ್ಷಿಯಾಗುವುದು.

ಎರಡನೆಯದು ಫಲದ ವಾದ. ಆ ಹತ್ತಿಯ ಸಂಪತ್ತಿನಿಂದಲೇ ಅಮೆರಿಕವು ಬೆಳೆಯಿತು. ರೈಲುದಾರಿ, ಕಾಲುವೆ, ವಿದ್ಯಾಲಯಗಳು ಹುಟ್ಟಿದುವು. ಕಡೆಗೆ ದಾಸ್ಯವೂ ನೀಗಿತು. ಅಭ್ಯುದಯದ ದಾರಿಯಲ್ಲಿ ಕೆಲವರಿಗೆ ಕಷ್ಟವು ಅನಿವಾರ್ಯ ಎಂಬುದು. ಇದಕ್ಕೆ ಸಮಾಧಾನ ಹೇಳುವಾಗ ಈ ಸೀಮೆಯವರು ತಮ್ಮ ಅನುಭವವನ್ನೇ ನೋಡಿಕೊಳ್ಳಬಹುದು. ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟು ಲಕ್ಷಾಂತರ ಎಕರೆಗೆ ಜೀವ ಕೊಟ್ಟಿದೆ. ಅದು ಬೇಡವಾಗಿತ್ತೆಂದು ಬುದ್ಧಿಯುಳ್ಳವರು ಹೇಳರು. ಆದರೆ ಅದರ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮೊದಲಾದ ಊರುಗಳು ಮನೆ, ಗುಡಿ, ಗದ್ದೆಗಳೊಡನೆ ಮುಳುಗಿದುವು. ಅಲ್ಲಿಯ ಜನರು ಮರಿಯಮ್ಮನಹಳ್ಳಿಯೇ ಮೊದಲಾದ ಕಡೆ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಆ ನೀರಿನಿಂದ ಹಸುರಾದುದು ಬಹುಮಟ್ಟಿಗೆ ಕೆಳಗಣ ಸೀಮೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಬಹುಭಾಗವು ಮಳೆಯನ್ನೇ ನೋಡುತ್ತ ಉಳಿಯಿತು. ಅಭ್ಯುದಯವು ನಿಷ್ಫಲವೆಂದು ಇದರ ಅರ್ಥವಲ್ಲ. ಫಲವನ್ನು ಉಂಡವನು ಬೆಲೆಯನ್ನು ತೆತ್ತವನ ಹೆಸರನ್ನು ಲೆಕ್ಕದ ಪುಸ್ತಕದಿಂದ ತೆಗೆಯಬಾರದೆಂದು ಅರ್ಥ. ಸಾಲ ಮಾಡಿ ಕಟ್ಟಿದ ಮನೆಯೂ ಮನೆಯೇ. ಆದರೆ ಮನೆ ಚೆನ್ನಾಗಿದೆಯೆಂಬುದರಿಂದ ಸಾಲವು ತೀರಿದಂತಾಗದು.

ಮೂರನೆಯದು ದೂರದ ವಾದ. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ದಾಸನನ್ನು ಹೊಡೆದವನು ತೋಟದ ಮೇಲ್ವಿಚಾರಕ. ಗಿರಣಿಯವನು ಕೊಂಡನು, ವರ್ತಕನು ಮಾರಿದನು, ಗೃಹಿಣಿಯು ಉಟ್ಟಳು. ಇಷ್ಟು ಉದ್ದದ ಸರಪಳಿಯಲ್ಲಿ ತುದಿಯವನನ್ನು ಕರ್ತೃವೆನ್ನುವುದು ಹೇಗೆ ಎಂಬುದು. ಮಾಡಿಸುವವನೂ ಕರ್ತೃವೆಂಬ ವೈಯಾಕರಣರ ಮಾತು ಇಲ್ಲಿ ಉಪಯೋಗಕ್ಕೆ ಬರುವುದು. ಆದರೆ ತಿಳಿಯದೆ ಉಟ್ಟವಳೂ ಬೇಕೆಂದೇ ಮಾಡಿಸಿದವನೂ ಸಮನಲ್ಲ. ತಿಳಿಯುವವರೆಗೆ ಆ ಎಳೆಯು ಕೇವಲ ಸಂಬಂಧ. ತಿಳಿದ ಕ್ಷಣದಿಂದ ಅದು ಹೊಣೆ. ಇದಕ್ಕೆ ದೃಷ್ಟಾಂತವು ಇಂಗ್ಲೆಂಡಿನಲ್ಲಿಯೇ ಇದೆ. ೧೮೬೨ರಲ್ಲಿ ಹತ್ತಿ ಬಾರದೆ ಲ್ಯಾಂಕಷೈರಿನ ಗಿರಣಿಗಳು ನಿಂತು, ಲಕ್ಷಾಂತರ ಕೂಲಿಕಾರರು ಗಂಜಿಕೇಂದ್ರಗಳ ಮುಂದೆ ನಿಂತರು. ದಕ್ಷಿಣದವರಿಗೆ ಇಂಗ್ಲೆಂಡು ನೆರವಾದರೆ ಹತ್ತಿ ಬಂದೀತೆಂಬ ಆಸೆ ತೋರಿಸುವವರಿದ್ದರು. ಆ ಕಡೆಗೆ ಒಲಿದ ಕೂಲಿಕಾರರೂ ಕೆಲವರು ಇದ್ದರು. ಆದರೂ ಆ ವರ್ಷದ ಕಡೆಯ ದಿನ ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಕೂಲಿಕಾರರು ದಾಸ್ಯವು ಅಳಿಯಲೆಂದು ಲಿಂಕನ್ನನಿಗೆ ಪತ್ರ ಬರೆದರು. ೧೮೬೩ರ ಜನವರಿ ೧೯ರಂದು ಅವನು ಅವರ ತ್ಯಾಗವನ್ನು ಕೊಂಡಾಡಿ ಉತ್ತರವಿತ್ತನು. ಹೊಟ್ಟೆಗಿಲ್ಲದವರು ತಮ್ಮ ಅನ್ನದ ಎಳೆಯನ್ನು ಹಿಡಿದು ಹೋಗಿ ಅದರ ತುದಿಯಲ್ಲಿ ಸರಪಳಿಯನ್ನು ಕಂಡರು. ಕಂಡ ಮೇಲೆ ಕಾಣಲಿಲ್ಲವೆನ್ನಲಿಲ್ಲ. ಆ ವರ್ಷ ಅವರಿಗೆ ಸ್ವಂತಕ್ಕೆ ಓಟೂ ಇರಲಿಲ್ಲ. ಹಾಗಿದ್ದರೂ ಆ ಕಾರ್ಯದಲ್ಲಿ ಅವರು ಸ್ವತಂತ್ರರಾಗಿದ್ದರು, ಕರ್ತೃಗಳಾಗಿದ್ದರು.

ಪರದೇಶದವರ ದೋಷವನ್ನು ಎಣಿಸುವುದು ಸುಲಭ. ಎಣಿಸುವವನ ಕೈ ಶುದ್ಧವೆಂಬ ಭ್ರಾಂತಿಯೂ ಅದರಿಂದ ಹುಟ್ಟುವುದು. ೧೮೩೩ರಲ್ಲಿ ಇಂಗ್ಲೆಂಡು ತನ್ನ ರಾಜ್ಯದಲ್ಲಿ ದಾಸ್ಯವನ್ನು ರದ್ದುಮಾಡಿದಾಗ ಕಂಪೆನಿಯ ಸೀಮೆಗಳನ್ನು ಹೊರಗಿಟ್ಟಿತು. ೧೮೪೩ರ ಶಾಸನದಿಂದ ಇಲ್ಲಿಯೂ ದಾಸ್ಯಕ್ಕೆ ನ್ಯಾಯಸ್ಥಾನಗಳ ಬೆಂಬಲವು ತಪ್ಪಿತು. ಆದರೆ ಜೀತವು ಸಾಲದ ವೇಷ ಹಾಕಿಕೊಂಡು ಉಳಿಯಿತು. ತಂದೆ ಮದುವೆಗೆಂದು ತಂದ ಹಣಕ್ಕೆ ಮಗನು ಗೌಡನ ದನ ಕಾಯುವನು. ಬಡ್ಡಿಯು ಬೆಳೆದು ಮೊಮ್ಮಗನೂ ಅದೇ ಕೊಟ್ಟಿಗೆಗೆ ಬರುವನು. ಬ್ರಿಟಿಷರು ಇದ್ದಷ್ಟು ದಿನ ಇದನ್ನೂ ಅವರ ತಲೆಗೆ ಕಟ್ಟುವುದು ಸಾಧ್ಯವಿತ್ತು. ೧೯೪೭ರ ಆಗಸ್ಟ್ ೧೫ರ ಮೇಲೆ ಆ ನೆವವೂ ಹೋಯಿತು. ೧೯೫೦ರ ಸಂವಿಧಾನವು ಅಸ್ಪೃಶ್ಯತೆಯನ್ನೂ ಬಿಟ್ಟಿದುಡಿಮೆಯನ್ನೂ ನಿಷೇಧಿಸಿತು. ಅಮೆರಿಕದ ೧೭೮೭ರ ರಾಜ್ಯಾಂಗದಂತೆ ಮಾತನ್ನು ಮರೆಸಲಿಲ್ಲವೆಂಬುದು ಈ ದೇಶಕ್ಕೆ ಹೆಮ್ಮೆಯೇ. ಆದರೂ ಜೀತಪದ್ಧತಿಯನ್ನು ರದ್ದುಮಾಡುವ ಶಾಸನವು ಬರಲು ೧೯೭೬ ಆಗಬೇಕಾಯಿತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ರೂಢಿಯು ಬಳ್ಳಾರಿ ಸೀಮೆಯಲ್ಲಿ ಹಳೆಯದು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಅನೇಕ ವರ್ಷ ಹೋರಾಡಿದ ಮೇಲೆ ಮದರಾಸು ಪ್ರಾಂತದಲ್ಲಿ ೧೯೪೭ರಲ್ಲಿ ಅದಕ್ಕೆ ನಿಷೇಧ ಬಂದಿತು. ಆಗ ಈ ತಾಲೂಕುಗಳು ಆ ಪ್ರಾಂತಕ್ಕೇ ಸೇರಿದ್ದುವು. ಮತ್ತೆ ೧೯೮೨ರಲ್ಲಿ ಕರ್ನಾಟಕವು ಅದೇ ವಿಷಯಕ್ಕೆ ಇನ್ನೊಂದು ಶಾಸನ ಮಾಡಬೇಕಾಯಿತು. ಒಂದು ರೋಗಕ್ಕೆ ಎರಡು ಸಲ ಔಷಧ ಬರೆಯಬೇಕಾದರೆ ಮೊದಲನೆಯದನ್ನು ಮನೆಯಲ್ಲಿ ಯಾರೂ ಕುಡಿಸಲಿಲ್ಲವೆಂದೇ ತಿಳಿಯಬೇಕು.

ಇಂದಿಗೂ ಮಳೆ ಕೈಕೊಟ್ಟ ವರ್ಷ ಈ ಒಣಸೀಮೆಯ ಹಳ್ಳಿಗಳಿಂದ ಸಂಸಾರಗಳು ಮುದುಕರನ್ನು ಮನೆಗೆ ಕಾವಲಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ ಗುಳೆ ಹೋಗುವುವು. ಮಲೆನಾಡಿನ ಕಾಫಿಯೂ ಬೆಂಗಳೂರಿನ ಉಪ್ಪರಿಗೆಯೂ ಅವರ ಕೈಯನ್ನು ಬಲ್ಲವು. ಅಲ್ಲಿ ಕುಡಿಯುವವರೂ ವಾಸಿಸುವವರೂ ಅವರ ಹೆಸರನ್ನರಿಯರು. ಅದು ಮಿಸಿಸಿಪಿಯ ದಾಸ್ಯವಲ್ಲ. ಅದಕ್ಕೂ ಇದಕ್ಕೂ ಭೇದವಿಲ್ಲವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಎಳೆಯು ಮಾತ್ರ ಅದೇ ಬಗೆಯದು: ಒಬ್ಬನ ಸೌಖ್ಯವು ಇನ್ನೊಬ್ಬನ ನಿರುಪಾಯತೆಯ ಮೇಲೆ ನಿಂತಿರುವುದು, ನಡುವಣ ದೂರವು ಇಬ್ಬರ ಕಣ್ಣನ್ನೂ ಮರೆಮಾಡುವುದು.

ಕರವನ್ನು ಕುರಿತ ಜಗಳದಿಂದ ಅಮೆರಿಕದ ಸ್ವಾತಂತ್ರ್ಯವು ಹುಟ್ಟಿತಷ್ಟೆ. ಅದೇ ದೇಶದಲ್ಲಿ ೧೮೪೬ರಲ್ಲಿ ಥೋರೋ ಎಂಬವನು ಮತ್ತೊಂದು ಕರವನ್ನು ಕೊಡಲೊಲ್ಲದೆ ಒಂದು ರಾತ್ರಿ ಸೆರೆಯಲ್ಲಿದ್ದನು. ಬಾಸ್ಟನ್ನಿನವರು ತಮ್ಮ ಹಣವು ತಮ್ಮ ಒಪ್ಪಿಗೆಯಿಲ್ಲದೆ ಹೋಗುವುದೆಂದು ಕರವನ್ನು ನಿರಾಕರಿಸಿದ್ದರು. ಇವನು ತನ್ನ ಹಣದಿಂದ ಇನ್ನೊಬ್ಬನ ದಾಸ್ಯವು ನಡೆಯುವುದೆಂದು ನಿರಾಕರಿಸಿದನು. ಮೊದಲನೆಯದು ಹಕ್ಕಿನ ಮಾತು, ಎರಡನೆಯದು ಕರ್ತೃತ್ವದ ಮಾತು. ೧೮೪೯ರಲ್ಲಿ ಅವನು ಅಚ್ಚುಹಾಕಿಸಿದ ಪ್ರಬಂಧದ ಸಾರವನ್ನು ೧೯೦೭ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಹತ್ತಿಯ ಎಳೆಯನ್ನು ಮತ್ತೆ ಮನೆಯ ರಾಟೆಗೆ ತಂದವರೂ ಅವರೇ. ಅಸ್ಪೃಶ್ಯತೆಯನ್ನು ಹಾಗೆಯೇ ಇಟ್ಟುಕೊಂಡು ಸ್ವರಾಜ್ಯವನ್ನು ಕೇಳುವ ಮುಖ ಹಿಂದೂಗಳಿಗಿಲ್ಲವೆಂದು ಪುನಃ ಪುನಃ ಹೇಳಿದವರೂ ಅವರೇ. ಅವರ ಚಿತಾಭಸ್ಮವನ್ನಿಟ್ಟು ಕಟ್ಟಿದ ಹುತಾತ್ಮರ ಸ್ಮಾರಕವು ಕೂಡ್ಲಿಗಿಯಲ್ಲಿದೆ. ಅಲ್ಲಿ ವರ್ಷಕ್ಕೊಮ್ಮೆ ಹೂವು ಇರಿಸುವುದು ಒಳ್ಳೆಯದೇ. ಅಲ್ಲಿಂದ ಮನೆಗೆ ಬಂದು ಲೆಕ್ಕ ನೋಡುವುದು ಇನ್ನೂ ಒಳ್ಳೆಯದು.

ಆ ಲೆಕ್ಕವನ್ನು ನೋಡಲು ದೊಡ್ಡ ಗ್ರಂಥಗಳು ಬೇಕಿಲ್ಲ. ಶತಪಥಬ್ರಾಹ್ಮಣವು ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಮಾತ್ರವಲ್ಲದೆ ಮನುಷ್ಯರಿಗೂ ಋಣಿಯಾಗಿ ಹುಟ್ಟುವನೆಂದು ಗಣಿಸಿದೆ. ಮೊದಲ ಮೂರನ್ನು ತೀರಿಸಲು ಮಂತ್ರಗಳೂ ತಿಥಿಗಳೂ ಗೊತ್ತಾಗಿವೆ. ನಾಲ್ಕನೆಯದಕ್ಕೆ ತಿಥಿಯಿಲ್ಲ, ದಿನವೂ ಅದರ ದಿನವೇ. ಓದುಬಲ್ಲ ಮನೆತನಗಳಲ್ಲಿ ಪಾತ್ರೆ ತೊಳೆಯುವವಳ ಕೂಲಿ ಹಬ್ಬದ ತಿಂಗಳಲ್ಲಿಯೂ ಹೊತ್ತಿಗೆ ಸಂದಿತೆ, ಹೊಲದ ಆಳಿನ ಮುಂಗಡವು ಅವನ ಮಗನ ಓದನ್ನು ನುಂಗುತ್ತಿದೆಯೆ, ಹಿತ್ತಿಲ ಬಾಗಿಲಿನಲ್ಲಿ ಇಟ್ಟ ಲೋಟವು ಬೇರೆಯದೆ ಎಂಬಿಷ್ಟನ್ನು ವಿಚಾರಿಸಿದರೆ ಸಾಕು. ಇವು ಸಣ್ಣ ಮಾತುಗಳೆಂದು ತೋರಬಹುದು. ಫಿಲಡೆಲ್ಫಿಯದಲ್ಲಿ ಕುಳಿತು ರಾಜ್ಯಾಂಗವನ್ನು ಬರೆದ ಮಹಾಜನರಿಗೂ ದಾಸರ ಮಾತು ಸಣ್ಣದೆಂದೇ ತೋರಿತ್ತು. ದೊಡ್ಡ ಕೆಲಸ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಅವರು ಮುಂದೂಡಿದರು. ಎಂಬತ್ತು ವರ್ಷಗಳೊಳಗೆ ಅವರ ಮೊಮ್ಮಕ್ಕಳು ಆರು ಲಕ್ಷಕ್ಕೂ ಮೇಲ್ಪಟ್ಟು ಪ್ರಾಣಗಳಿಂದ ಆ ಬಾಕಿಯನ್ನು ತೆತ್ತರು. ಅದರ ಬಡ್ಡಿಯಲ್ಲಿ ಒಂದು ಪಾಲು ಎಳ್ಳಷ್ಟೂ ಸಂಬಂಧವಿಲ್ಲದ ತುಂಗಭದ್ರೆಯ ದಡದ ರೈತನ ಮೇಲೂ ಬಿದ್ದಿತು.

ಆದುದರಿಂದ ಸ್ವಾತಂತ್ರ್ಯವನ್ನು ಪರೀಕ್ಷಿಸಬೇಕಾದವರು ಅದನ್ನು ಕೇಳಿದವರು ಎಷ್ಟು ಧೈರ್ಯದಿಂದ ಕೇಳಿದರೆಂಬುದನ್ನು ನೋಡಿದರೆ ಸಾಲದು. ಅದು ಬಂದ ಮೇಲೆ ಯಾರು ಇನ್ನೂ ಕರಣವಾಗಿಯೇ ಉಳಿದರೆಂಬುದನ್ನು ನೋಡಬೇಕು. ಉಳಿದಿದ್ದರೆ ಅದರ ಕರ್ತೃ ಸತ್ತ ದೊರೆಯಲ್ಲ, ಹೋದ ಕುಂಪಣಿಯಲ್ಲ, ಕಾಲವೂ ಅಲ್ಲ. ಸ್ವತಂತ್ರನೆನಿಸಿಕೊಂಡು ಅದನ್ನು ನಡೆಯಗೊಟ್ಟವನು. ಇದನ್ನು ಒಪ್ಪಿಕೊಳ್ಳುವುದರಿಂದ ಸ್ವಾತಂತ್ರ್ಯದ ಸಂತೋಷವು ಕುಗ್ಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಕೆಡಿಸಿದುದು ತಾನೆಂದು ಹೇಳಬಲ್ಲವನಿಗೇ ಸರಿಪಡಿಸುವ ಅಧಿಕಾರವೂ ಇರುವುದು.